8 ಜಿಬಿ ರ‍್ಯಾಮ್ ಪಕ್ಕದಲ್ಲಿ 16 ಜಿಬಿ ಹಾಕಬಹುದಾ? ಅಂಗಡಿಯಲ್ಲಿ ಬೇಡ ಅಂತಿದ್ದಾರೆ

ಗಿರಿನಗರ_ವಾಸಿ:

ನಮಸ್ಕಾರ. ಮನೆಯ ಡೆಸ್ಕ್‌ಟಾಪ್ ಬಗ್ಗೆ ಸಲಹೆ ಬೇಕು. ಇಂಟೆಲ್ ಐ5-10400, ಎಚ್410 ಚಿಪ್‌ಸೆಟ್ ಬೋರ್ಡ್, ರ‍್ಯಾಮ್‌ಗೆ ಎರಡೇ ಸ್ಲಾಟ್. ಒಂದರಲ್ಲಿ 8 ಜಿಬಿ ಡಿಡಿಆರ್4 (ರ‍್ಯಾಮ್‌ನ ನಾಲ್ಕನೇ ತಲೆಮಾರು), 2666 ಸ್ಪೀಡ್‌ನದು ಇದೆ, ಇನ್ನೊಂದು ಖಾಲಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ತಂಗಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ರೆವಿಟ್ (ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್) ತೆರೆದು ಪಕ್ಕದಲ್ಲಿ ಕ್ರೋಮ್‌ನ ನಾಲ್ಕಾರು ಟ್ಯಾಬ್ ಇಟ್ಟರೆ ಸಾಕು, ಮೌಸ್ ಕೂಡ ಸರಿಯಾಗಿ ಓಡುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪೂರ್ತಿ ತುಂಬಿರುತ್ತದೆ.

ಖಾಲಿ ಸ್ಲಾಟ್‌ಗೆ 16 ಹಾಕಿ 24 ಮಾಡೋಣ ಅಂತ ಎಸ್.ಪಿ. ರೋಡ್‌ಗೆ ಹೋಗಿದ್ದೆ. ಒಂದು ಅಂಗಡಿಯವರು ಸೈಜ್ ಬೇರೆ ಬೇರೆ ಆದರೆ ಬೋರ್ಡೇ ಹೋಗುತ್ತದೆ, ಹಳೇದು ಕೊಟ್ಟು 8ರ ಜೋಡಿ ತಗೊಳ್ಳಿ ಅಂದರು. ಪಕ್ಕದ ಅಂಗಡಿಯವರು ಏನೂ ಆಗಲ್ಲ, ಹಾಕಿ ಅಂದರು. ಅಲ್ಲದೆ ಸಿಗುತ್ತಿರುವುದೆಲ್ಲ 3200 ಸ್ಪೀಡ್‌ನದು. ಯಾರ ಮಾತು ಸರಿ?

ಬೋರ್ಡ್_ಪ್ರೇಮಿ:

ಎರಡನೇ ಅಂಗಡಿಯವರು ಹೇಳಿದ್ದು ಸರಿ. ಸೈಜ್ ಬೇರೆ ಅನ್ನುವ ಕಾರಣಕ್ಕೆ ಬೋರ್ಡ್ ಹೋಗುವುದಿಲ್ಲ. ಸಾಮಾನ್ಯ ಡಿಡಿಆರ್4 ಎಲ್ಲ 1.2 ವೋಲ್ಟ್‌ನಲ್ಲೇ ನಡೆಯುತ್ತದೆ, 8 ಆಗಲಿ 16 ಆಗಲಿ.

ಜನ ಜೋಡಿ ಜೋಡಿ ಅನ್ನುವುದು ಡ್ಯುಯಲ್ ಚಾನಲ್‌ಗಾಗಿ. ಸಂಪ್ ತುಂಬಲು ಎರಡು ನಲ್ಲಿ ಒಟ್ಟಿಗೆ ಬಿಟ್ಟ ಹಾಗೆ, ಪ್ರೊಸೆಸರ್ ಎರಡೂ ಸ್ಟಿಕ್‌ನಿಂದ ಒಂದೇ ಸಲ ಡೇಟಾ ತರುತ್ತದೆ. 2666ರ ಒಂದು ಚಾನಲ್ ಸೆಕೆಂಡಿಗೆ ಹೆಚ್ಚೆಂದರೆ 21.3 ಜಿಬಿ ಕೊಡುತ್ತದೆ, ಎರಡಾದರೆ ಅದರ ಎರಡರಷ್ಟು. ಸೈಜ್ ಬೇರೆ ಇದ್ದಾಗ ಇಂಟೆಲ್‌ನಲ್ಲಿ ಫ್ಲೆಕ್ಸ್ ಮೋಡ್ ಅಂತ ಇದೆ. ನಿಮ್ಮ 8 ಜಿಬಿ ಮತ್ತು ಹೊಸದರ ಮೊದಲ 8 ಜಿಬಿ ಸೇರಿ ಡ್ಯುಯಲ್ ಚಾನಲ್‌ನಲ್ಲಿ ಓಡುತ್ತವೆ, ಉಳಿದ 8 ಜಿಬಿ ಮಾತ್ರ ಸಿಂಗಲ್. ಅಂದರೆ ಆ ಅಂಗಡಿಯವರು ಹೇಳಿದ 8+8 ಪೂರ್ತಿಯಾಗಿ ನಿಮ್ಮ 8+16ರ ಒಳಗೇ ಇದೆ! ಅದರ ಮೇಲೆ ಇನ್ನೂ 8 ಜಿಬಿ ಜಾಸ್ತಿ. ಹಳೇದನ್ನು ಕೊಟ್ಟು 16ಕ್ಕೆ ನಿಲ್ಲುವುದು ಯಾಕೆ?

3200ರ ಚಿಂತೆಯೂ ಬೇಡ. ಎರಡೂ ಸ್ಟಿಕ್ ನಿಧಾನದ್ದರ ಸ್ಪೀಡ್‌ಗೆ ಇಳಿಯುತ್ತವೆ, ಹೇಗೂ 10400ಕ್ಕೆ ಇಂಟೆಲ್ ಕೊಟ್ಟಿರುವ ಮಿತಿಯೇ 2666. ಹಾಗಾಗಿ ನಿಮಗೆ ಕಳೆದುಕೊಳ್ಳುವುದೇನೂ ಇಲ್ಲ.

ಹಳೇ_ಪಿಸಿ:

ಓಡುತ್ತದೆ ಅನ್ನುವುದನ್ನು ಒಪ್ಪುತ್ತೇನೆ, ಆದರೆ ಹಾಕಿದ ಕೂಡಲೇ ಕೆಲಸ ಶುರು ಮಾಡಬೇಡಿ. ಬೇರೆ ಬೇರೆ ಕಂಪನಿಯ ಸ್ಟಿಕ್‌ಗಳಲ್ಲಿ ಚಿಪ್ ಬೇರೆ, ಟೈಮಿಂಗ್ ಬೇರೆ. ಆಫೀಸಿನ ಒಂದು ಮೆಷಿನ್‌ನಲ್ಲಿ ಹೀಗೆ ಬೆರೆಸಿದ ಮೇಲೆ ಎಕ್ಸ್‌ಎಂಪಿ (ರ‍್ಯಾಮ್ ಸ್ಪೀಡ್ ಏರಿಸುವ ಸೆಟ್ಟಿಂಗ್) ಆನ್ ಇದ್ದಾಗ ದೊಡ್ಡ ಫೈಲ್ ತೆರೆದರೆ ನೀಲಿ ಪರದೆ ಬರುತ್ತಿತ್ತು, ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿದ ಮೇಲೆ ನಿಂತಿತು. ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ) ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ಸ್ಟಿಕ್ ವಾಪಸ್ ಕೊಡಿ. ತಂಗಿಯ ಪ್ರಾಜೆಕ್ಟ್ ಫೈಲ್ ಹಾಳಾದರೆ ಯಾರು ಉತ್ತರ ಹೇಳುತ್ತಾರೆ? ಆದ್ದರಿಂದ ಬಿಲ್ ಇಲ್ಲದೆ ತಗೊಳ್ಳಲೇಬೇಡಿ.

ಇದೇ ಮೆಷಿನ್‌ನಲ್ಲಿ ಗೇಮ್ ಆಡುವುದೇ ಮುಖ್ಯ ಆಗಿದ್ದರೆ ನಾನು ಒಂದೇ ಥರದ ಜೋಡಿ ಅನ್ನುತ್ತಿದ್ದೆ, ಯಾಕೆಂದರೆ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮ್ ಬಳಸುತ್ತದೆ. ಡಿಡಿಆರ್4 ಹಾಕುವ ರೈಜೆನ್ (ಎಎಂಡಿ ಕಂಪನಿಯ ಪ್ರೊಸೆಸರ್) ಇದ್ದವರೂ ನಿಧಾನದ ಸ್ಟಿಕ್ ಬೆರೆಸುವ ಮುಂಚೆ ಯೋಚಿಸಬೇಕು, ಅಲ್ಲಿ ಪ್ರೊಸೆಸರ್ ಒಳಗಿನ ಸಂಪರ್ಕದ ಸ್ಪೀಡ್ ಕೂಡ ರ‍್ಯಾಮ್ ಸ್ಪೀಡ್ ಜೊತೆ ಸೇರಿಕೊಂಡಿದೆ.

ಬೋರ್ಡ್_ಪ್ರೇಮಿ:

ಟೆಸ್ಟ್ ಮಾಡಬೇಕು ಅನ್ನುವುದು ನೂರಕ್ಕೆ ನೂರು ನಿಜ. ಆದರೆ ಜೋಡಿ ಹೊಂದುತ್ತದೋ ಇಲ್ಲವೋ ಅನ್ನುವುದಕ್ಕಿಂತ ರ‍್ಯಾಮ್ ಸಾಲದೇ ಹೋಗುವುದು ದೊಡ್ಡ ತೊಂದರೆ. ರ‍್ಯಾಮ್‌ನಿಂದ ಡೇಟಾ ಬರಲು 100 ನ್ಯಾನೋಸೆಕೆಂಡ್ ಆಸುಪಾಸು ಸಾಕು. ಅದು ತುಂಬಿ ವಿಂಡೋಸ್ ಡಿಸ್ಕ್‌ಗೆ ಬರೆಯಲು ಶುರು ಮಾಡಿದರೆ, ಎಸ್‌ಎಸ್‌ಡಿಯಲ್ಲೂ ಹತ್ತಾರು ಮೈಕ್ರೋಸೆಕೆಂಡ್, ಹಾರ್ಡ್ ಡಿಸ್ಕ್ ಆದರೆ 10 ಮಿಲಿಸೆಕೆಂಡ್ ಹತ್ತಿರ. ಮೌಸ್ ನಿಲ್ಲುವುದು ಅದಕ್ಕೇ. ಸಿಂಗಲ್ ಚಾನಲ್‌ನಲ್ಲಿ ಓಡುವ ಆ 8 ಜಿಬಿ ಡಿಸ್ಕ್‌ಗಿಂತ ಎಷ್ಟೋ ಪಾಲು ಮೇಲು.

ಗಿರಿನಗರ_ವಾಸಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಅಪ್ಪನ ಹಳೇ ಕಂಪ್ಯೂಟರ್‌ನಲ್ಲಿ 4 ಜಿಬಿ ಡಿಡಿಆರ್3 ಸ್ಟಿಕ್ ಸುಮ್ನೆ ಬಿದ್ದಿದೆ. 16 ತರುವ ತನಕ ಅದನ್ನು ಹಾಕಬಹುದಾ?

ಕತ್ರಿಗುಪ್ಪೆ_ಕ್ರಾಸ್:

ಅದು ಬೇಡವೇ ಬೇಡ. ಡಿಡಿಆರ್3ಕ್ಕೆ 240 ಪಿನ್, 1.5 ವೋಲ್ಟ್. ಡಿಡಿಆರ್4ಕ್ಕೆ 288 ಪಿನ್. ನಡುವಿನ ಕಚ್ಚು (ಕತ್ತರಿಸಿದ ಜಾಗ) ಬೇರೆ ಜಾಗದಲ್ಲಿರುತ್ತದೆ, ಆದ್ದರಿಂದ ಕೂರುವುದೇ ಇಲ್ಲ. ಜೋರಾಗಿ ಒತ್ತಿದರೆ ಸ್ಲಾಟ್ ಮುರಿಯುತ್ತದೆ. ಡಿಡಿಆರ್5ಗೂ 288 ಪಿನ್ನೇ ಇದೆ, ಆದರೆ ಕಚ್ಚಿನ ಜಾಗ ಬೇರೆ, ಅದೂ ಕೂರಲ್ಲ. ಅಂಗಡಿಯಲ್ಲಿ ಡೆಸ್ಕ್‌ಟಾಪ್‌ಗೆ ಅಂತ ಬಾಯಿಬಿಟ್ಟು ಹೇಳಿ, ಲ್ಯಾಪ್‌ಟಾಪ್‌ನದು ಗಿಡ್ಡ ಸ್ಟಿಕ್.

ಹಾಕುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಆಮೇಲೆ ಸ್ಟಿಕ್ ಹಿಡಿಯಿರಿ. ಕ್ಲಿಪ್ ಟಕ್ ಅನ್ನುವ ತನಕ ಒತ್ತಿ. ನಿಮ್ಮದರಲ್ಲಿ ಎರಡು ಸ್ಲಾಟ್ ಎರಡು ಚಾನಲ್, ಯಾವುದು ಎಲ್ಲಿದ್ದರೂ ನಡೆಯುತ್ತದೆ. ನಾಲ್ಕು ಸ್ಲಾಟ್ ಇದ್ದವರು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇರಬಹುದು, ಬೋರ್ಡ್ ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ, ಅವಸರಪಟ್ಟು ಆಫ್ ಮಾಡಬೇಡಿ. ಆಮೇಲೂ ಬರದಿದ್ದರೆ ತೆಗೆದು, ಪಿನ್‌ಗಳನ್ನು ರಬ್ಬರ್‌ನಿಂದ ಮೆತ್ತಗೆ ಉಜ್ಜಿ, ಪುಡಿ ಪೂರ್ತಿ ಒರೆಸಿ ಮತ್ತೆ ಹಾಕಿ. ಹಾರ್ಡ್‌ವೇರ್ ವಿವರ ತೋರಿಸುವ ಸಿಪಿಯು-ಝಡ್‌ನಲ್ಲಿ ಸ್ಪೀಡ್ 1333 ಅಂತ ಕಂಡರೆ ಗಾಬರಿ ಬೇಡ, ಅದರ ಎರಡರಷ್ಟೇ 2666.

ಗಿರಿನಗರ_ವಾಸಿ:

ನಿನ್ನೆ 16 ತಂದು ಹಾಕಿದೆ, ಬಿಲ್ ಸಮೇತ. ಮೊದಲ ಸಲ ಪರದೆ ಕಪ್ಪಗಿತ್ತು, ಕಾದೆ, ಬಂತು. ಟಾಸ್ಕ್ ಮ್ಯಾನೇಜರ್ 24 ಜಿಬಿ ತೋರಿಸುತ್ತಿದೆ, ಸ್ಪೀಡ್ 2667. ಮೆಮ್‌ಟೆಸ್ಟ್ ಬೆಳಗಿನ ತನಕ ಓಡಿಸಿದೆ, ಎರರ್ ಇಲ್ಲ. ರೆವಿಟ್, ಕ್ರೋಮ್ ಎರಡೂ ತೆರೆದರೆ 14 ಜಿಬಿ ಹತ್ತಿರ ಹೋಗುತ್ತಿದೆ, ಇನ್ನೂ ಜಾಗ ಉಳಿದಿದೆ. ತಂಗಿ ಈಗ ರೆಂಡರ್ ಹಾಕಿ ಕೂತಿದ್ದಾಳೆ.

ಹಳೇ_ಪಿಸಿ:

ಒಳ್ಳೆಯದಾಯಿತು. ಮುಂದೆ ದುಡ್ಡು ಆದಾಗ 8 ತೆಗೆದು ಇನ್ನೊಂದು 16 ಹಾಕಿ, ಆಗ 32 ಪೂರ್ತಿ ಡ್ಯುಯಲ್ ಆಗುತ್ತದೆ. ಈಗಿನ ಸ್ಟಿಕ್‌ನ ಮಾಡೆಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ.