ಮಿನಿಯಾಪೊಲಿಸ್‌ನಲ್ಲಿ ಮೊದಲ ಚಳಿಗಾಲ: ಸ್ನೋ ಎಮರ್ಜೆನ್ಸಿ ದಿನ ಕಾರು ಎಲ್ಲಿ ನಿಲ್ಲಿಸಬೇಕು?

ಹಾಸನದವಳು:
ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಅಮೆರಿಕದ ಈ ಊರಿಗೆ ಬಂದೆವು. ಮನೆಗೆ ಗ್ಯಾರೇಜ್ ಇಲ್ಲ, ಕಾರು ಬೀದಿಯಲ್ಲೇ ನಿಲ್ಲುತ್ತದೆ. ಇವತ್ತು ಫೋನಿಗೆ ಸ್ನೋ ಎಮರ್ಜೆನ್ಸಿ ಅಂತ ಮೆಸೇಜ್ ಬಂತು, ಅಂದರೆ ಹಿಮ ತೆಗೆಯಲು ಬೀದಿ ಪಾರ್ಕಿಂಗ್‌ಗೆ ನಿರ್ಬಂಧ. ಮೂರು ದಿನದ ನಿಯಮ ಎರಡು ಸಲ ಓದಿದೆ, ತಲೆಗೆ ಹೋಗಲಿಲ್ಲ.
ಇನ್ನೊಂದು ವಿಷಯ. ಮೊನ್ನೆ ಬೆಳಿಗ್ಗೆ ಸೇತುವೆ ಮೇಲೆ ಕಾರು ಪಕ್ಕಕ್ಕೆ ಜಾರಿತು. ರಸ್ತೆ ಸ್ವಲ್ಪ ಒದ್ದೆಯಾದಂತೆ ಕಾಣುತ್ತಿತ್ತು, ಅಷ್ಟೇ. ಹಿಂದಿನ ಸೀಟಿನಲ್ಲಿ ಮಗು ಇತ್ತು. ಏನೂ ಆಗಲಿಲ್ಲ, ಆದರೆ ಅವತ್ತಿನಿಂದ ಕಾರು ತೆಗೆಯಲು ಭಯ. ತಿಳಿದವರು ಹೇಳಿ.

ತಿಪಟೂರಿನವನು:
ತಂಗಿ, ನಾನು ಇಲ್ಲಿನ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದಂತೆ) 9 ಚಳಿಗಾಲದಿಂದ ಪ್ಲೋ, ಅಂದರೆ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದೇನೆ. ಮೊದಲು ಕಾರಿನ ವಿಷಯ, ಯಾಕೆಂದರೆ ರಾತ್ರಿ 9ಕ್ಕೆ ಶುರುವಾಗುತ್ತದೆ.
ಮೊದಲ ದಿನ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಸ್ನೋ ಎಮರ್ಜೆನ್ಸಿ ರೂಟ್ ಅಂತ ಬೋರ್ಡ್ ಇರುವ ದೊಡ್ಡ ರಸ್ತೆಗಳ ಎರಡೂ ಬದಿ ಖಾಲಿ ಇರಬೇಕು. ನಿಮ್ಮದು ಒಳಬೀದಿಯಾದರೆ ಇವತ್ತು ರಾತ್ರಿ ಚಿಂತೆ ಇಲ್ಲ. ಎರಡನೇ ದಿನ ಬೆಳಿಗ್ಗೆ 8ರಿಂದ ರಾತ್ರಿ 8, ಒಳಬೀದಿಯಲ್ಲಿ ಸಮಸಂಖ್ಯೆ ಮನೆಗಳ ಬದಿ ಖಾಲಿ. ಮೂರನೇ ದಿನ ಅದೇ ಹೊತ್ತಿಗೆ ಬೆಸಸಂಖ್ಯೆ ಬದಿ. ಕಾರು ನಿಂತ ಬದಿಯ ಮನೆಯ ನಂಬರ್ ನೋಡಿಕೊಂಡರೆ ಸಾಕು.
ಇದನ್ನು ದಯವಿಟ್ಟು ಸುಮ್ನೆ ದಂಡದ ಲೆಕ್ಕದಲ್ಲಿ ನೋಡಬೇಡಿ. ಒಂದು ಕಾರು ತಪ್ಪು ಬದಿಯಲ್ಲಿ ನಿಂತರೆ ಪ್ಲೋ ಅದನ್ನು ಬಳಸಿಕೊಂಡು ಹೋಗಬೇಕು. ಅಲ್ಲಿ ಉಳಿದ ಹಿಮ ಮರುದಿನ ಕಲ್ಲಾಗುತ್ತದೆ. ಮುಂದಿನ ಹಿಮ ಅದರ ಮೇಲೆ. ಹೀಗೆ ಬೀದಿ ಒಳಗೊಳಗೇ ಕಿರಿದಾಗುತ್ತಾ ಹೋಗುತ್ತದೆ. 2023ರ ಜನವರಿ ಕೊನೆಗೆ ಎಷ್ಟೋ ಬೀದಿಗಳು ಹೀಗಾಗಿ, ನಗರದವರು ಒಂದು ಬದಿಯ ಪಾರ್ಕಿಂಗನ್ನೇ ನಿಲ್ಲಿಸಬೇಕಾಯಿತು. ಆ ಸಂದಿಯಲ್ಲಿ ಆಂಬುಲೆನ್ಸ್, ಬೆಂಕಿ ನಂದಿಸುವ ಲಾರಿ ಹೋಗಬೇಕಲ್ವಾ?
ನೀವು ಜಾರಿದ್ದು ಬ್ಲ್ಯಾಕ್ ಐಸ್ ಮೇಲೆ. ಗಾಜಿನಂಥ ತೆಳು ಪದರ, ಕೆಳಗಿನ ಟಾರೇ ಕಾಣುತ್ತದೆ. ಸೇತುವೆಗೆ ಕೆಳಗಿನಿಂದಲೂ ತಣ್ಣನೆ ಗಾಳಿ ಹೊಡೆಯುತ್ತದೆ, ಹಾಗಾಗಿ ಉಳಿದ ರಸ್ತೆಗಿಂತ ಮೊದಲು ಅದೇ ಹೆಪ್ಪುಗಟ್ಟುತ್ತದೆ. ಸೇತುವೆಗೆ ಮೊದಲೇ ವೇಗ ಇಳಿಸಿ. ಮೇಲೆ ಹೋದಮೇಲೆ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ಜೋರಾಗಿ ತಿರುಗಿಸಬೇಡಿ.
ನಮ್ಮ ಲಾರಿ ಕಂಡರೆ ಹತ್ತು ಕಾರಿನಷ್ಟು ದೂರ ಬಿಡಿ. ಹಿಂದೆ ಏಳುವ ಹಿಮದ ಪುಡಿಯಲ್ಲಿ ನಿಮಗೂ ಏನೂ ಕಾಣದು, ನಿಮ್ಮ ಕಾರು ನನಗೂ ಕಾಣದು. ಬಲಗಡೆಯಿಂದ ಅಂತೂ ನುಗ್ಗಬೇಡಿ, ಅಲ್ಲಿ ಇನ್ನೊಂದು ಅಲಗು ಚಾಚಿಕೊಂಡಿರುತ್ತದೆ. ಹೋದ ವರ್ಷ ಒಬ್ಬ ಹುಡುಗ ಹಾಗೆ ಬಂದು ಕೂದಲೆಳೆಯಲ್ಲಿ ಉಳಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸೇಂಟ್ ಪಾಲ್ ಅಕ್ಕ:
ಒಂದು ಮಾತು ಸೇರಿಸುತ್ತೇನೆ. ನದಿ ದಾಟಿ ನಮ್ಮ ಕಡೆ, ಪಕ್ಕದ ಸೇಂಟ್ ಪಾಲ್ ನಗರಕ್ಕೆ ಬಂದರೆ ಈ ಸಮ ಬೆಸ ಲೆಕ್ಕ ನಡೆಯುವುದಿಲ್ಲ. ಇಲ್ಲಿ ನೈಟ್ ಪ್ಲೋ, ಡೇ ಪ್ಲೋ ಅಂತ ಬೇರೆ, ಅಂದರೆ ರಾತ್ರಿ ಹಿಮ ತೆಗೆಯುವ ರಸ್ತೆ, ಹಗಲು ತೆಗೆಯುವ ರಸ್ತೆ. ಸ್ನೇಹಿತರ ಮನೆಗೆ ಬಂದಾಗ ಬೋರ್ಡ್ ಓದಿಯೇ ಕಾರು ನಿಲ್ಲಿಸಿ.

ಹಾಸನದವಳು:
ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕ. ನಮ್ಮದು ಒಳಬೀದಿ, ನಾಳೆ ಬೆಳಿಗ್ಗೆ 8ರ ಒಳಗೆ ಕಾರನ್ನು ಬೆಸ ಬದಿಗೆ ಹಾಕುತ್ತೇನೆ. ಮೆಟ್ಟಿಲ ಮುಂದೆ ಅರ್ಧ ಚೀಲ ಉಪ್ಪು ಸುರಿದರೂ ಐಸ್ ಕರಗಲಿಲ್ಲ. ಇನ್ನೂ ಜಾಸ್ತಿ ಹಾಕಬೇಕಾ?

ತಿಪಟೂರಿನವನು:
ಬೇಡ ತಂಗಿ. ಅಂಗಡಿಯ ಮಾಮೂಲಿ ಕಲ್ಲುಪ್ಪು ನೆಲದ ಚಳಿ ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಎಷ್ಟು ಸುರಿದರೂ ಅಷ್ಟೇ. ಅಂಥ ದಿನ ಮರಳು ಹಾಕಿ, ಕಾಲಿಗೆ ಹಿಡಿತ ಸಿಗುತ್ತದೆ. ಚಳಿ ಕಡಿಮೆ ಇದ್ದಾಗ ಮೊದಲು ಸಲಿಕೆಯಿಂದ ಹಿಮ ತೆಗೆದು, ಆಮೇಲೆ ಉಪ್ಪು. 20 ಅಡಿ ಡ್ರೈವ್‌ವೇಗೆ ಒಂದು ಕಾಫಿ ಮಗ್ ಸಾಕು.
ಉಪ್ಪಿನ ವಿಷಯದಲ್ಲಿ ನನಗೆ ಸಂಕಟವೂ ಇದೆ, ಯಾಕೆಂದರೆ ರಸ್ತೆಗೆ ಅದನ್ನು ಹಾಕುವವನೂ ನಾನೇ. ಒಂದು ಟೀ ಚಮಚ ಉಪ್ಪು 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಕೆಡಿಸುತ್ತದೆ. ಕೆರೆಗೆ ಸೇರಿದ ಮೇಲೆ ವಾಪಸ್ ತೆಗೆಯಲು ಸುಲಭದ ದಾರಿ ಇಲ್ಲ. ಅದಕ್ಕೇ ಈಗ ಹಿಮ ಬೀಳುವ ಮೊದಲೇ ರಸ್ತೆಗೆ ಉಪ್ಪುನೀರು ಬಿಡುತ್ತೇವೆ. ಐಸ್ ಟಾರಿಗೆ ಅಂಟಿಕೊಳ್ಳುವುದಿಲ್ಲ, ಉಪ್ಪೂ ಕಡಿಮೆ ಸಾಕು. ನೀವು ಸುರಿದ ಉಪ್ಪು ಒಣಗಿ ಉಳಿದಿದ್ದರೆ ಗುಡಿಸಿ ಡಬ್ಬಕ್ಕೆ ತುಂಬಿಡಿ, ಮತ್ತೆ ಬಳಸಬಹುದು.

ಹಾಸನದವಳು:
ಸರಿ ಅಣ್ಣ, ಗುಡಿಸುತ್ತೇನೆ. ಸಲಿಕೆಯಲ್ಲಿ ತೆಗೆದ ಹಿಮ ಎಲ್ಲಿಗೆ ಹಾಕಲಿ? ಪಕ್ಕದವರು ರಸ್ತೆಗೇ ತಳ್ಳುತ್ತಿದ್ದರು.

ತಿಪಟೂರಿನವನು:
ನಿಮ್ಮ ಅಂಗಳಕ್ಕೇ ಹಾಕಿ. ರಸ್ತೆಗೆ ತಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ, ನಾನು ಆಗಷ್ಟೇ ಬಳಿದು ಹೋದ ಜಾಗ ಅದು. ಹತ್ತಿರ ಫೈರ್ ಹೈಡ್ರಂಟ್ (ಬೆಂಕಿ ನಂದಿಸಲು ನೀರು ಕೊಡುವ ಬೀದಿ ನಲ್ಲಿ) ಇದ್ದರೆ ಅದರ ಸುತ್ತಲೂ ಸ್ವಲ್ಪ ತೆಗೆದುಬಿಡಿ. ನನ್ನ ಪಾಳಿ 10ಕ್ಕೆ, ಹೊರಟೆ.