ತಣ್ಣೀರು ಬಾಯಿಗೆ ಹಾಕಿದ್ರೆ ಹಲ್ಲು ಜುಮ್ ಅನ್ನುತ್ತೆ, ರೂಟ್ ಕೆನಾಲ್ ಮಾಡಿಸ್ಲೇಬೇಕಾ?

ತೋಟದಮನೆ:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 58 ವರ್ಷ, ಶಿರಸಿ ಹತ್ರ ಊರು. ಮೇಲಿನ ಎಡಗಡೆ ಕೋರೆಹಲ್ಲು ಮತ್ತೆ ಅದ್ರ ಹಿಂದಿನ ಎರಡು ಹಲ್ಲು ತಣ್ಣೀರು ತಾಗಿದ ತಕ್ಷಣ ಜುಮ್ ಅನ್ನುತ್ತಂತೆ, ನೀರು ನುಂಗಿದ್ಮೇಲೆ ಸರಿಹೋಗುತ್ತೆ. ಬೆಳಿಗ್ಗೆ ಬಾಯಿ ಮುಕ್ಕಳಿಸೋಕೂ ಬಿಸಿನೀರೇ ಬೇಕು. ಒಸಡಿನ ಹತ್ರ ಹಲ್ಲು ತಗ್ಗು ಬಿದ್ದ ಹಾಗೆ ಕಾಣ್ಸುತ್ತೆ, ಉಗುರು ತಾಗಿದ್ರೂ ಬೆಚ್ಚಿ ಬೀಳ್ತಾರೆ. ಗಟ್ಟಿ ಬ್ರಷ್ಷೇ ಬೇಕು ಅವ್ರಿಗೆ, ದಿನಾ ಕವಳಾನೂ (ಎಲೆ ಅಡಿಕೆ) ಹಾಕ್ತಾರೆ, ತಂಬಾಕು ಇಲ್ಲ. ಸೆನ್ಸಿಟಿವ್ ಪೇಸ್ಟ್ ತಂದುಕೊಟ್ಟೆ, ಒಂದು ವಾರ ಹಚ್ಚಿ ಪ್ರಯೋಜನ ಇಲ್ಲ ಅಂತ ಬಿಟ್ಬಿಟ್ರು. ಪಕ್ಕದ ಮನೆಯವ್ರು ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ತುಂಬೋದು) ಒಂದೇ ದಾರಿ ಅಂತಿದಾರೆ, ಮೂರೂ ಹಲ್ಲಿಗೆ ಮಾಡಿಸ್ಬೇಕು ಅಂದ್ರೆ ಖರ್ಚೂ ಜಾಸ್ತಿ, ಅಪ್ಪಂಗೆ ಭಯಾನೂ ಇದೆ. ಗೊತ್ತಿರೋರು ಹೇಳಿ ಪ್ಲೀಸ್.

ಧಾರವಾಡದಾಕಿ:
ಗಾಬರಿ ಆಗಬ್ಯಾಡ್ರಿ, ಜುಮ್ ಅಂದದ್ದಕ್ಕೆಲ್ಲಾ ರೂಟ್ ಕೆನಾಲ್ ಬೇಕಾಗೂದಿಲ್ಲ. ನಮ್ಮ ಅಕ್ಕಗ ಹಿಂಗ ಆಗಿತ್ತು, ಆಕಿ ತೂಕ ಇಳಸಾಕ ಅಂತ ದಿನಾ ಬರೇ ಹೊಟ್ಟಿಗೆ ಲಿಂಬು ನೀರು ಕುಡದು ಆ ಮ್ಯಾಲೆ ಹಲ್ಲು ತಿಕ್ಕತಿದ್ಲು. ಡಾಕ್ಟರ್ ಅಂದ್ರು, ಹುಳಿ ತಾಗಿದ ಹಲ್ಲಿನ ಮ್ಯಾಲಿನ ಪದರ ಸ್ವಲ್ಪ ಹೊತ್ತು ಮೆತ್ತಗ ಆಗಿರತೈತಿ, ಆವಾಗ ತಿಕ್ಕಿದ್ರ ಸವದು ಹೋಗತೈತಿ ಅಂತ. ಲಿಂಬು ನೀರು ಬಿಡಿಸಿ ಫ್ಲೋರೈಡ್ ವಾರ್ನಿಶ್ ಅಂತ ಹಲ್ಲಿಗೆ ಬಳಿಯೋ ಔಷಧ ಹಚ್ಚಿದ್ರು, ಈಗ ಐಸ್‌ಕ್ರೀಮ್ ತಿಂತಾಳ. ನಿಮ್ಮ ಅಪ್ಪಾರಿಗೆ ಅಲ್ಲೀತನಕ ಲವಂಗದ ಎಣ್ಣಿ ಹಚ್ಚಿ ನೋಡ್ರಿ.

ಹಲ್ ಡಾಕ್ಟ್ರು:
ನಾನು ದಂತವೈದ್ಯೆ. ಬಾಯಿ ನೋಡ್ದೆ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ನೀವು ಬರೆದಿರೋದ್ರಲ್ಲೇ ಮುಖ್ಯವಾದ ಸುಳಿವಿದೆ: ತಣ್ಣೀರು ಹೋದ ಮೇಲೆ ನೋವೂ ಹೋಗುತ್ತೆ. ಸುಮಾರು 30 ಸೆಕೆಂಡ್ ದಾಟಿ ನೋವು ಎಳೀತಾನೇ ಇದ್ರೆ, ಬಿಸಿಗೂ ನೋವು ಬಂದ್ರೆ, ರಾತ್ರಿ ಸುಮ್ಮನೆ ಮಲಗಿದ್ದಾಗ ತಾನಾಗೇ ಎಬ್ಬಿಸಿದ್ರೆ ಒಳಗಿನ ನರಕ್ಕೆ ಪೆಟ್ಟಾಗಿರೋ ಸಾಧ್ಯತೆ ಹೆಚ್ಚು, ಆವಾಗ ರೂಟ್ ಕೆನಾಲ್ ಮಾತು ಬರುತ್ತೆ. ಕಚ್ಚಿ ಬಿಡುವಾಗ ಚುಳ್ ಅಂದ್ರೆ ಹಲ್ಲಲ್ಲಿ ಬಿರುಕಿದ್ಯಾ ನೋಡ್ಬೇಕು. ನಿಮ್ಮಪ್ಪಂದು ಇವೆರಡೂ ಅಲ್ಲ ಅನ್ಸುತ್ತೆ.

ಹಲ್ಲಿನ ಹೊರಗಡೆ ಎನಾಮಲ್, ಅದ್ರ ಒಳಗೆ ಡೆಂಟಿನ್. ಡೆಂಟಿನ್ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಅವುಗಳಲ್ಲಿ ದ್ರವ ಇರುತ್ತೆ, ತಣ್ಣಗಿಂದು, ಸಿಹಿ, ಗಾಳಿ ಏನೇ ತಾಗಿದ್ರೂ ಆ ದ್ರವ ಅಲುಗಾಡಿ ನರ ಎಚ್ಚರಗೊಳ್ಳುತ್ತೆ. ಸ್ವೀಡನ್ನಿನ ದಂತ ಸಂಶೋಧಕ ಬ್ರಾನ್‌ಸ್ಟ್ರಾಮ್ 1960ರ ದಶಕದಲ್ಲಿ ಇದನ್ನ ವಿವರಿಸಿದ್ದು, ಇವತ್ತಿಗೂ ಅದೇ ವಿವರಣೆ ನಾವು ಒಪ್ಪೋದು. ಒಸಡು ಇಳಿದ ಜಾಗದಲ್ಲಿ, ಅಂದ್ರೆ ಬೇರಿನ ಮೇಲೆ, ಎನಾಮಲ್ ಇರೋದೇ ಇಲ್ಲ. ಅಲ್ಲಿರೋದು ತೆಳ್ಳನೆ ಪದರ, ಗಟ್ಟಿ ಬ್ರಷ್ ಅಡ್ಡಡ್ಡ ಎಳೆದ್ರೆ ಬೇಗ ಹೋಗುತ್ತೆ, ಕೊಡಲಿ ಏಟು ಬಿದ್ದ ಹಾಗೆ ವಿ ಆಕಾರದ ತಗ್ಗು ಬೀಳುತ್ತೆ. ಬಲಗೈಯಲ್ಲಿ ಉಜ್ಜೋರಿಗೆ ಇದು ಎಡಗಡೆ ಕೋರೆಹಲ್ಲಿನ ಸುತ್ತ ಜಾಸ್ತಿ ಕಾಣ್ಸುತ್ತೆ.

ಪೇಸ್ಟ್ ಒಂದು ವಾರಕ್ಕೆ ಬಿಟ್ಟಿದ್ದು ಬೇಗ ಆಯ್ತು. 5% ಪೊಟ್ಯಾಸಿಯಂ ನೈಟ್ರೇಟ್ ಇರೋ ಪೇಸ್ಟ್ ನರವನ್ನ ಶಾಂತ ಮಾಡುತ್ತೆ, ಆದ್ರೆ ದಿನಕ್ಕೆ ಎರಡು ಸಲ ಹಚ್ಚಿ 2ರಿಂದ 4 ವಾರ ಬೇಕು. ಸ್ಟ್ಯಾನಸ್ ಫ್ಲೋರೈಡ್, ಆರ್ಜಿನೀನ್, ನೋವಾಮಿನ್ ಇರೋವು ಕೊಳವೆಯ ಬಾಯಿ ಮುಚ್ಚೋಕೆ ನೋಡ್ತವೆ. ಉಜ್ಜಿ ಉಗಿದು ಸುಮ್ನಿರಿ, ನೀರು ಹಾಕಿ ಜೋರಾಗಿ ಮುಕ್ಕಳಿಸ್ಬೇಡಿ, ಫ್ಲೋರೈಡ್ ಎಲ್ಲ ತೊಳೆದು ಹೋಗುತ್ತೆ. ಸಾಫ್ಟ್ ಬ್ರಷ್ ಮಾತ್ರ, ಒಸಡಿಗೆ ಓರೆಯಾಗಿ ಹಿಡಿದು ಮೆಲ್ಲಗೆ.

ಧಾರವಾಡದವ್ರೇ, ಲವಂಗದೆಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತೆ ಅಷ್ಟೇ, ಕಾರಣ ಹೋಗಲ್ಲ, ನೇರ ಹಚ್ಚಿದ್ರೆ ಒಸಡು ಸುಟ್ಟ ಹಾಗಾಗುತ್ತೆ. ದಯವಿಟ್ಟು ಬೇಡ.

ಪಾವಗಡ ಬಾಯ್ಸ್:
ಡಾಕ್ಟ್ರೇ ಒಂದು ಡೌಟು, ನಮ್ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಎಷ್ಟೋ ಜನಕ್ಕೆ ಹಲ್ಲು ಕಂದು ಬಣ್ಣ. ನಮಗೂ ಫ್ಲೋರೈಡ್ ಪೇಸ್ಟ್ ಹಾಕ್ಬೋದಾ? ನಮ್ ಅಜ್ಜಿ ಅಂತೂ ಇದ್ದಿಲ ಪುಡಿಗೆ ಉಪ್ಪು ಬೆರೆಸಿ ಉಜ್ಜು ಅಂತಾರೆ.

ಹಲ್ ಡಾಕ್ಟ್ರು:
ಕಲೆ ಬರೋದು ಚಿಕ್ಕಂದಿನಲ್ಲಿ ಎನಾಮಲ್ ರೂಪುಗೊಳ್ಳುವಾಗ ನೀರಿನ ಮೂಲಕ ಒಳಗೆ ಹೋದ ಫ್ಲೋರೈಡಿಂದ. ಹಲ್ಲು ಬೆಳೆದು ಮುಗಿದ ದೊಡ್ಡೋರು ಪೇಸ್ಟ್ ಹಚ್ಚಿ ಉಗಿದ್ರೆ ಕಲೆ ಜಾಸ್ತಿ ಆಗಲ್ಲ. ತೀವ್ರವಾಗಿದ್ದ ಹಲ್ಲಲ್ಲಿ ಎನಾಮಲ್ ಗುಳಿ ಬಿದ್ದು ಚೂರು ಚೂರಾಗಿ ಉದುರುತ್ತೆ, ಜುಮ್ ಅನ್ನೋದು ಅದ್ರಿಂದಾನೂ ಇರ್ಬೋದು. ಚಿಕ್ಕ ಮಕ್ಕಳಿಗೆ ಕುಡಿಯೋಕೆ ಶುದ್ಧೀಕರಿಸಿದ ನೀರೇ ಕೊಡಿ, ಪೇಸ್ಟ್ ನುಂಗದ ಹಾಗೆ ಪಕ್ಕದಲ್ಲೇ ನಿಂತ್ಕೊಳ್ಳಿ. ಇದ್ದಿಲು ಉಪ್ಪು ಬೇಡವೇ ಬೇಡ, ಸವೆದ ಹಲ್ಲನ್ನ ಇನ್ನೂ ಸವೆಸುತ್ತೆ.

ತೋಟದಮನೆ:
ತುಂಬಾ ಥ್ಯಾಂಕ್ಸ್ ಡಾಕ್ಟ್ರೇ, ಅಪ್ಪಂಗೆ ಓದಿ ಹೇಳ್ದೆ, ಮುಖದಲ್ಲಿ ಸ್ವಲ್ಪ ಧೈರ್ಯ ಬಂತು. ತಗ್ಗು ಬಿದ್ದಿರೋ ಜಾಗ ಪೇಸ್ಟಿಂದ ತುಂಬ್ಕೊಳ್ಳುತ್ತಾ? ಕವಳ ಬಿಡಲೇಬೇಕಾ?

ಹಲ್ ಡಾಕ್ಟ್ರು:
ಸವೆದದ್ದು ತಾನಾಗಿ ತುಂಬಲ್ಲ. ತಗ್ಗು ಆಳ ಇದ್ರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕ್ತೀವಿ, ಸಾಮಾನ್ಯವಾಗಿ ಒಂದೇ ಭೇಟಿಯಲ್ಲಿ ಮುಗಿಯುತ್ತೆ, ಎಷ್ಟೋ ಸಲ ಇಂಜೆಕ್ಷನ್ನೂ ಬೇಕಾಗಲ್ಲ. ಬ್ರಷ್ ಬದಲಾಯಿಸದಿದ್ರೆ ಆ ಫಿಲ್ಲಿಂಗೂ ನಿಲ್ಲಲ್ಲ ಅನ್ನೋದು ಅವ್ರಿಗೆ ಹೇಳಿ.

ಕವಳ ಬಿಡೋದು ಹಲ್ಲಿಗಿಂತ ದೊಡ್ಡ ಕಾರಣಕ್ಕೆ ಬೇಕು. ಅಡಿಕೆ ಹಲ್ಲಿನ ಮೇಲ್ಭಾಗ ಸವೆಸುತ್ತೆ ಸರಿ, ಆದ್ರೆ ತಂಬಾಕು ಇಲ್ದೆ ಬರೀ ಅಡಿಕೆ ಜಗಿದ್ರೂ ಬಾಯೊಳಗಿನ ಚರ್ಮ ಗಟ್ಟಿಯಾಗಿ ಬಾಯಿ ತೆಗೆಯೋಕಾಗದ ಸ್ಥಿತಿ ಬರುತ್ತೆ, ಕ್ಯಾನ್ಸರಿನ ಅಪಾಯಾನೂ ಇದೆ. ಅಡಿಕೆ ಬೆಳೆಯೋ ಮನೆಯವ್ರಿಗೆ ಇದು ಹೇಳೋದು ನಂಗೂ ಕಷ್ಟ, ಆದ್ರೆ ಹೇಳ್ದೆ ಇರೋಕಾಗಲ್ಲ. ಅಪ್ಪಂಗೆ ಬಾಯಿ ಪೂರ್ತಿ ತೆಗೆಯೋಕೆ ಹೇಳಿ, ಅವ್ರದ್ದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ಮಧ್ಯೆ ಹಿಡಿಸ್ತಾವಾ ನೋಡಿ. ಹಿಡಿಸದಿದ್ರೆ ಅಥವಾ ಖಾರ ತಿಂದ್ರೆ ಬಾಯೆಲ್ಲ ಉರಿ ಅಂದ್ರೆ 4 ವಾರ ಕಾಯಬೇಡಿ, ಈ ವಾರಾನೇ ಕರ್ಕೊಂಡು ಹೋಗಿ.