ಕುಮಟಾದಿಂದ ಗೋಕರ್ಣಕ್ಕೆ ಕಡಲ ಅಂಚಿನಲ್ಲೇ ನಡೆಯಬಹುದಾ?

ಪ್ರಶ್ನೆ (ಶಿವಮೊಗ್ಗದಿಂದ):
ಡಿಸೆಂಬರ್‌ನಲ್ಲಿ ನಾನು, ನನ್ನ 13 ವರ್ಷದ ಮಗಳು ಹೊರಟಿದ್ದೇವೆ. ಹೋದ ವರ್ಷ ಅವಳು ಕೊಡಚಾದ್ರಿ ಹತ್ತಿದ್ದಾಳೆ. ಕಾಲಿನ ಚಿಂತೆ ಇಲ್ಲ. ಆದರೆ ನಡುವೆ ಅಘನಾಶಿನಿ ಹೊಳೆ ಅಡ್ಡ ಬರುತ್ತದಲ್ವಾ, ದಾಟುವುದು ಹೇಗೆ?

ಉತ್ತರ (ಕುಮಟಾದಿಂದ):
ಧೈರ್ಯವಾಗಿ ಬನ್ನಿ ಅಕ್ಕಾ. ಎರಡು ದಿನ ಇಟ್ಟುಕೊಳ್ಳಿ. ಅಘನಾಶಿನಿ ಊರಿನಿಂದ ಆಚೆ ದಡದ ತದಡಿಗೆ ದೋಣಿಯಲ್ಲಿ ದಾಟಬೇಕು. ಕತ್ತಲಾಗುವವರೆಗೆ ಕಾಯಬೇಡಿ. ದಡದಲ್ಲಿ ಸುಮ್ನೆ ಅರ್ಧ ಗಂಟೆ ಕೂತುಕೊಳ್ಳಿ. ಇಳಿತದ ಹೊತ್ತಾದರೆ ಜನ ಸೊಂಟದವರೆಗೆ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವುದು ಕಾಣುತ್ತದೆ. ಶಿರಸಿ ಕಡೆ ಘಟ್ಟದಲ್ಲಿ ಹುಟ್ಟುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು ಕಡಲವರೆಗೂ ಬರುವುದರಿಂದಲೇ ನಮಗೆ ಬಳಚು, ಮೀನು. ಮಗಳಿಗೆ ಇದನ್ನು ಖಂಡಿತ ಹೇಳಿ.

ಉತ್ತರ (ಹುಬ್ಬಳ್ಳಿಯಿಂದ):
ತದಡಿ ದಾಟಿದ ಮೇಲೆ ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಬೀಚ್‌ಗಳು, ಆಮೇಲೆ ಗೋಕರ್ಣ. ಪ್ಯಾರಡೈಸ್‌ನಿಂದ ಹಾಫ್ ಮೂನ್‌ಗೆ ಹೋಗುವಾಗ ಜಾಗ್ರತೆ. ನಾನು ಅಲ್ಲಿ ಒದ್ದೆ ಬಂಡೆ ಮೇಲೆ ಜಾರಿ ಮಂಡಿ ಒಡೆದುಕೊಂಡೆ. ಭರತ (ಕಡಲ ಉಬ್ಬರ) ಇದ್ದಾಗ ಬಂಡೆಗೆ ಇಳಿಯಲೇಬೇಡಿ, ಗುಡ್ಡದ ಮೇಲಿನ ಕಾಲುದಾರಿ ಹಿಡಿಯಿರಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ನೀರು ತಲಾ ಮೂರು ಲೀಟರ್ ಇರಲಿ. ಬಿಸಿಲು ಜಾಸ್ತಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಮಗಳು ಈಗಲೇ ಬಳಚು ಹೇಗಿರುತ್ತದೆ ಅಂತ ಕೇಳುತ್ತಿದ್ದಾಳೆ. ಮೊದಲ ರಾತ್ರಿ ಅಘನಾಶಿನಿ ಊರಲ್ಲೇ ಉಳಿಯುತ್ತೇವೆ.